ಬೆಂಗಳೂರಿನಿಂದ ರಿಂಜಾನಿಗೆ: ಜ್ವಾಲಾಮುಖಿ ಬೆಟ್ಟ ಹತ್ತುವವರಿಗೆ ಒಂದು ಮಾರ್ಗದರ್ಶಿ

ಶುಕ್ರವಾರ ರಾತ್ರಿ ಬಸ್ ಹತ್ತಿ, ಶನಿವಾರ ಭಾನುವಾರ ಬೆಟ್ಟ ಸುತ್ತಿ, ಸೋಮವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ಕೆಲಸಕ್ಕೆ ಹೋಗುವವರು ಬೆಂಗಳೂರಿನಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಕುಮಾರ ಪರ್ವತ ಹತ್ತಿದ್ದೀನಿ, ರಿಂಜಾನಿ ಆಗುತ್ತಾ?"

ಆಗುತ್ತದೆ. ಆದರೆ ಮೂರು ತಿಂಗಳ ತಯಾರಿ ಬೇಕು. ಜೊತೆಗೆ, ಶಿಖರ ಮುಟ್ಟಲೇಬೇಕು ಎಂಬ ಹಟವನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಈ ಬೆಟ್ಟದಲ್ಲಿ ಕಣ್ತುಂಬಿಕೊಳ್ಳಬೇಕಾದ ಮುಕ್ಕಾಲು ಪಾಲು ಶಿಖರದ ಕೆಳಗೇ ಇದೆ. ಅಪಾಯದ ಮುಕ್ಕಾಲು ಪಾಲು ಇರುವುದು ಮಾತ್ರ ಶಿಖರದ ದಾರಿಯಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡವರಿಗೆ ರಿಂಜಾನಿ ತುಂಬಾ ಚೆನ್ನಾಗಿ ಸಿಗುತ್ತದೆ.

ಮೊದಲು ಬೆಟ್ಟವನ್ನು ತಿಳಿದುಕೊಳ್ಳಿ

ಇಂಡೋನೇಷ್ಯಾದ ಬಾಲಿ ದ್ವೀಪದ ಪೂರ್ವಕ್ಕೆ, ಒಂದು ಜಲಸಂಧಿ ದಾಟಿದರೆ ಲೊಂಬೊಕ್ ದ್ವೀಪ. ಅದರ ಉತ್ತರ ಭಾಗದಲ್ಲಿ ರಿಂಜಾನಿ ನಿಂತಿದೆ. ಎತ್ತರ 3,726 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಸುಮಾರು ಎರಡರಷ್ಟು. ಇಂಡೋನೇಷ್ಯಾದ ಜ್ವಾಲಾಮುಖಿಗಳಲ್ಲಿ ಸುಮಾತ್ರಾದ ಕೆರಿಂಚಿ ಬಿಟ್ಟರೆ ಇದೇ ಎತ್ತರ.

ನಾವು ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಬೆಳೆದವರು. ಅದು ಸುಮಾರು 300 ಕೋಟಿ ವರ್ಷದ ಹಳೆಯ ಕಲ್ಲು. ಸಾವನದುರ್ಗ, ಶಿವಗಂಗೆ, ನಂದಿ ಎಲ್ಲವೂ ಗಟ್ಟಿ ಬಂಡೆಗಳೇ. ಕಾಲಿಟ್ಟರೆ ಕಾಲು ನಿಲ್ಲುತ್ತದೆ. ರಿಂಜಾನಿ ಹಾಗಲ್ಲ. ಅಲ್ಲಿ ಹಿಂದೂ ಮಹಾಸಾಗರದ ಕಡೆಯಿಂದ ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುತ್ತಿದೆ. ಆಳದಲ್ಲಿ ಕಲ್ಲು ಕರಗಿ ಮೇಲೆ ಬರುತ್ತದೆ. ಹಾಗೆ ಬಂದ ಲಾವಾ, ಬೂದಿ, ಪುಡಿಗಲ್ಲು ಪದರ ಪದರವಾಗಿ ಕೂತು ಆದ ಬೆಟ್ಟ ಇದು. ಮೇಲ್ಭಾಗ ಇನ್ನೂ ಸಡಿಲವಾಗಿಯೇ ಇದೆ.

ರಿಂಜಾನಿಯ ಪಕ್ಕದಲ್ಲಿ ಹಿಂದೆ ಸಮಾಲಾಸ್ ಎಂಬ ಇನ್ನೊಂದು ಶಿಖರ ಇತ್ತು. 1257ರಲ್ಲಿ ಅದು ಸಿಡಿಯಿತು. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ನಡೆದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟಗಳಲ್ಲಿ ಅದೂ ಒಂದು. ಅದರ ಗಂಧಕದ ಗುರುತು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮದ ಪದರಗಳಲ್ಲಿ ಸಿಕ್ಕಿತ್ತು. ಎಲ್ಲಿಂದ ಬಂತು ಎಂದು ವಿಜ್ಞಾನಿಗಳು ಬಹಳ ವರ್ಷ ಹುಡುಕಿದರು. 2013ರಲ್ಲಿ ಲೊಂಬೊಕ್ ಕಡೆ ಕೈ ತೋರಿಸಿದರು. ಅವರಿಗೆ ನೆರವಾದ ಸಾಕ್ಷಿಗಳಲ್ಲಿ ತಾಳೆಗರಿಯಲ್ಲಿ ಬರೆದ ಹಳೆಯ ಕಥನಗಳೂ ಇದ್ದವು. ಬೆಟ್ಟ ಕುಸಿದದ್ದು, ಪಮಾತನ್ ಎಂಬ ಊರು ಹೂತು ಹೋದದ್ದು ಅವುಗಳಲ್ಲಿ ದಾಖಲಾಗಿದೆ. ತಾಳೆಗರಿ ಕಟ್ಟುಗಳನ್ನು ಜೋಪಾನ ಮಾಡಿಕೊಂಡು ಬಂದ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ?

ಆ ಸ್ಫೋಟದಿಂದ ಉಳಿದ ಭಾರಿ ಕುಳಿಯಲ್ಲಿ ಈಗ ಸೆಗಾರಾ ಅನಾಕ್ ಎಂಬ ಕೆರೆ ಇದೆ. ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಮೇಲೆ, 200 ಮೀಟರ್‌ಗೂ ಜಾಸ್ತಿ ಆಳದ ಕೆರೆ. ಅದರ ಅಂಚಿನಲ್ಲೇ ಬರುಜಾರಿ ಎಂಬ ಹೊಸ ಜ್ವಾಲಾಮುಖಿ ಬೆಳೆಯುತ್ತಿದೆ. 2015ರ ಕೊನೆಯಲ್ಲಿ ಬರುಜಾರಿ ಬೂದಿ ಉಗುಳಿದಾಗ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. 2016ರ ಸೆಪ್ಟೆಂಬರ್‌ನಲ್ಲೂ ಸಿಡಿದು, ಬೆಟ್ಟದಲ್ಲಿದ್ದವರನ್ನು ಕೆಳಗೆ ಕರೆತಂದರು. ಅಂದರೆ ಇದು ಜೀವಂತ ಜ್ವಾಲಾಮುಖಿ. ಇಂಡೋನೇಷ್ಯಾ ಸರ್ಕಾರದ ಜ್ವಾಲಾಮುಖಿ ವಿಭಾಗ ಪ್ರತಿಯೊಂದು ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತದೆ. "ಮಾಗ್ಮಾ ಇಂಡೋನೇಷ್ಯಾ" ಎಂಬ ತಾಣದಲ್ಲಿ ಅದು ಸಿಗುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ, ಹೊರಡುವ ಹಿಂದಿನ ವಾರ ಇನ್ನೊಮ್ಮೆ ನೋಡಿ.

ಯಾವ ತಿಂಗಳು

ನಮ್ಮ ಮುಂಗಾರು ಅಂದರೆ ಅಲ್ಲಿ ಒಣ ಹವೆ. ಲೊಂಬೊಕ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಹಾಗಾಗಿ ಪಶ್ಚಿಮ ಘಟ್ಟದಲ್ಲಿ ಜಿಗಣೆ ಕಾಟ ಇರುವ ಜೂನ್‌ನಿಂದ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಆಕಾಶ ತಿಳಿಯಾಗಿರುತ್ತದೆ. ಇಲ್ಲಿ ಬೆಟ್ಟ ಹತ್ತಲಾಗದ ತಿಂಗಳಲ್ಲಿ ಅಲ್ಲಿ ಹತ್ತಬಹುದು. ಬೆಂಗಳೂರಿನವರಿಗೆ ಇದಕ್ಕಿಂತ ಒಳ್ಳೆ ಹೊಂದಾಣಿಕೆ ಬೇಕೆ?

ಜನವರಿಯಿಂದ ಮಾರ್ಚ್‌ವರೆಗೆ ಮಳೆಯ ಕಾರಣಕ್ಕೆ ಚಾರಣದ ದಾರಿಗಳನ್ನು ಸಾಮಾನ್ಯವಾಗಿ ಮುಚ್ಚುತ್ತಾರೆ. ಆ ತಿಂಗಳುಗಳಲ್ಲಿ ಯಾರಾದರೂ "ನಾವು ಕರೆದುಕೊಂಡು ಹೋಗ್ತೀವಿ" ಅಂದರೆ ಒಪ್ಪಬೇಡಿ. ಜುಲೈ, ಆಗಸ್ಟ್‌ನಲ್ಲಿ ಹವೆ ಚೆನ್ನಾಗಿರುತ್ತದೆ, ಜನವೂ ಜಾಸ್ತಿ. ಮೇ ಕೊನೆ, ಜೂನ್ ಅಥವಾ ಸೆಪ್ಟೆಂಬರ್ ನನ್ನ ಆಯ್ಕೆ. ದಸರಾ ರಜೆಗೆ ಹೋಗುವುದಾದರೂ ಸರಿ, ಸ್ವಲ್ಪ ಮಳೆ ಬರಬಹುದು ಎಂದುಕೊಂಡು ಹೋಗಿ.

ಮೂರು ತಿಂಗಳ ತಯಾರಿ

ಮೊದಲು ಲೆಕ್ಕ ನೋಡಿ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತಿದರೆ ಸುಮಾರು 1,600 ಮೀಟರ್ ಏರು. ರಿಂಜಾನಿಯಲ್ಲಿ ಮೊದಲ ದಿನ ಸೆಂಬಲೂನ್ ಹಳ್ಳಿಯಿಂದ, ಅಂದರೆ ಸುಮಾರು 1,150 ಮೀಟರ್‌ನಿಂದ, ಕುಳಿಯ ಅಂಚಿಗೆ ಹೋಗುತ್ತೀರಿ. ಅದು ಸುಮಾರು 2,640 ಮೀಟರ್‌ನಲ್ಲಿದೆ. ಏರು ಹೆಚ್ಚುಕಮ್ಮಿ 1,500 ಮೀಟರ್. ಅಂದರೆ ಮೊದಲ ದಿನವೇ ಒಂದು ಕುಮಾರ ಪರ್ವತ ಮುಗಿಯುತ್ತದೆ. ಅಲ್ಲಿ ಅರೆಬರೆ ನಿದ್ದೆ ಮಾಡಿ, ರಾತ್ರಿ ಎರಡು ಗಂಟೆಗೆ ಎದ್ದು ಇನ್ನೂ ಸುಮಾರು 1,100 ಮೀಟರ್ ಹತ್ತಬೇಕು. ಆಮೇಲೆ ಇಳಿಯಬೇಕು. ಕಷ್ಟ ಇರುವುದು ಈ ಸಾಲು ಸಾಲು ದಿನಗಳಲ್ಲಿ.

ಹಾಗಾಗಿ ಒಂದು ದಿನ ಜೋರಾಗಿ ಹತ್ತುವ ಶಕ್ತಿ ಸಾಲದು. ದಣಿದ ಕಾಲಲ್ಲಿ ಮರುದಿನ ಮತ್ತೆ ನಡೆಯುವ ಅಭ್ಯಾಸ ಬೇಕು.

ಮೊದಲ ತಿಂಗಳು ಮೆಟ್ಟಿಲು. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಲಿಫ್ಟ್ ಮರೆತುಬಿಡಿ. ವಾರಕ್ಕೆ ನಾಲ್ಕು ದಿನ, ಮುಕ್ಕಾಲು ಗಂಟೆ, ಬೆನ್ನಿಗೆ ಒಂದು ಬ್ಯಾಗು. ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಳ್ಳಿ. 3 ಕೆಜಿಯಿಂದ ಶುರುಮಾಡಿ ನಿಧಾನವಾಗಿ 7-8 ಕೆಜಿಗೆ ಏರಿಸಿ. ಮಂಡಿಗೆ ಭಾರ ಅನ್ನಿಸಿದ ದಿನ ಮೇಲೆಯೇ ನೀರು ಚೆಲ್ಲಿ ಇಳಿಯಬಹುದು, ಬಾಟಲಿಯ ಅನುಕೂಲ ಅದು. ಮನೆ ಒಂದೇ ಅಂತಸ್ತಿನದಾದರೆ ಮೆಟ್ರೊ ನಿಲ್ದಾಣದ ಮೆಟ್ಟಿಲು, ಕಾಲುಸೇತುವೆ ಏನಾದರೂ ಸರಿ.

ಎರಡನೇ ತಿಂಗಳು ವಾರಾಂತ್ಯದ ಬೆಟ್ಟಗಳು. ಶಿವಗಂಗೆ, ಸಾವನದುರ್ಗ, ನಂದಿ ಬೆಟ್ಟದ ಮೆಟ್ಟಿಲು ದಾರಿ. ಒಂದೇ ವಾರಾಂತ್ಯದಲ್ಲಿ ಎರಡೂ ದಿನ ಹತ್ತಿ. ಶನಿವಾರ ಸಾವನದುರ್ಗ ಹತ್ತಿ ಕಾಲು ನೋಯುತ್ತಿರುವಾಗಲೇ ಭಾನುವಾರ ಶಿವಗಂಗೆಗೆ ಹೋಗುವುದು ನಿಜವಾದ ತಯಾರಿ. ಸಾಧ್ಯವಾದರೆ, ಅನುಮತಿ ಇರುವ ತಿಂಗಳಲ್ಲಿ ಕುಮಾರ ಪರ್ವತವನ್ನೂ ಮಾಡಿ ಬನ್ನಿ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಹೋಗಬೇಡಿ. ಆ ಬೆಟ್ಟದ ಇಳಿತ ಮಂಡಿಯ ನಿಜಸ್ಥಿತಿಯನ್ನು ತಿಳಿಸುತ್ತದೆ.

ಮೂರನೇ ತಿಂಗಳು ಸಡಿಲ ನೆಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಬಂಡೆಗಳ ಮೇಲೆ ಎಷ್ಟೇ ಹತ್ತಿದರೂ ಜಾರುವ ನೆಲದ ಅಭ್ಯಾಸ ಆಗುವುದಿಲ್ಲ. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ತಲಕಾಡಿನಲ್ಲಿ ಮರಳಿದೆ. ದೇವಸ್ಥಾನಗಳ ನಡುವಿನ ಮರಳು ದಾರಿಯಲ್ಲಿ, ಏರು ಇರುವ ಕಡೆ, ಬ್ಯಾಗು ಹಾಕಿಕೊಂಡು ಒಂದೆರಡು ಗಂಟೆ ನಡೆಯಿರಿ. ಮುಂಗಾಲು ಒತ್ತಿದರೆ ಕಾಲು ಹೂತು ಹೋಗುತ್ತದೆ. ಪೂರ್ತಿ ಪಾದ ಇಟ್ಟು, ಹೆಜ್ಜೆ ಚಿಕ್ಕದು ಮಾಡಿ, ಅವಸರ ಬಿಟ್ಟರೆ ಮೇಲೆ ಹೋಗುತ್ತೀರಿ. ರಿಂಜಾನಿಯ ಕೊನೆಯ ಏರಿಗೆ ಬೇಕಾದ ನಡಿಗೆ ಇದೇ. ಕಾವೇರಿಯಲ್ಲಿ ಮಾತ್ರ ಇಳಿಯಬೇಡಿ, ಅಲ್ಲಿನ ಮಡುಗಳು ಅಪಾಯ.

ಹೊರಡುವ ಎರಡು ವಾರ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ನಂದಿಯ ಮೆಟ್ಟಿಲು ದಾರಿಯನ್ನು ಬ್ಯಾಗಿನ ಸಮೇತ ಒಂದೇ ದಿನ ಎರಡು ಸಲ ಹತ್ತಿ ಇಳಿಯಿರಿ. ಮರುದಿನ ಬೆಳಗ್ಗೆ ಮನೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾದರೆ ಶಿಖರದ ಯೋಚನೆ ಬಿಟ್ಟು ಕುಳಿಯ ಅಂಚಿನವರೆಗಿನ ಚಾರಣ ಆರಿಸಿಕೊಳ್ಳಿ. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ.

ಬಿಪಿ, ಅಸ್ತಮಾ, ಹೃದಯದ ತೊಂದರೆ ಇರುವವರು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದರಿಂದ ಏನೂ ಲಾಭವಿಲ್ಲ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ ಬರಬಹುದು. ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಎತ್ತರದ ಕಾಯಿಲೆಗೆ ಕೊಡುವ ಮಾತ್ರೆಗಳನ್ನು ಗೆಳೆಯರು ಹೇಳಿದರು ಎಂದು ಸುಮ್ನೆ ನುಂಗಬೇಡಿ.

ಟಿಕೆಟ್, ವೀಸಾ, ವಿಮೆ

ಭಾರತೀಯರಿಗೆ ವೀಸಾ ಆನ್ ಅರೈವಲ್ ಇದೆ. 30 ದಿನಕ್ಕೆ 5 ಲಕ್ಷ ರುಪಿಯಾ. ಗಾಬರಿ ಬೇಡ, ನಮ್ಮ ದುಡ್ಡಿನಲ್ಲಿ 3 ಸಾವಿರ ರೂಪಾಯಿ ಒಳಗೆ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಕಟ್ಟಿದರೆ ಕ್ಯೂ ತಪ್ಪುತ್ತದೆ. ಸರ್ಕಾರದ ಅಧಿಕೃತ ತಾಣದಲ್ಲೇ ಕಟ್ಟಿ, ನೋಡಲು ಹಾಗೇ ಇರುವ ಬೇರೆ ತಾಣಗಳಿವೆ. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಬಾಲಿ ಮೂಲಕ ಹೋದರೆ ಅಲ್ಲಿನ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ ಬೇರೆ.

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಿಂದ ನೇರ ವಿಮಾನ ಇದೆ. ಅಲ್ಲಿಂದ ಲೊಂಬೊಕ್‌ಗೆ ಮತ್ತೊಂದು ಚಿಕ್ಕ ವಿಮಾನ ಹಿಡಿಯಬಹುದು. ಇಲ್ಲವಾದರೆ ಪಾಡಾಂಗ್ ಬಾಯ್ ಬಂದರಿನಿಂದ ದೊಡ್ಡ ದೋಣಿ, ನಾಲ್ಕೈದು ಗಂಟೆ. ವೇಗದ ದೋಣಿ ಬೇಗ ಮುಟ್ಟುತ್ತದೆ, ಆದರೆ ಜಲಸಂಧಿಯಲ್ಲಿ ಅಲೆ ಜೋರಾಗಿದ್ದರೆ ಹೊಟ್ಟೆ ತೊಳಸುತ್ತದೆ. ಈ ಜಲಸಂಧಿ ತುಂಬಾ ಆಳ. ಏಷ್ಯಾದ ಪ್ರಾಣಿ ಪಕ್ಷಿಗಳಿಗೂ ಆಸ್ಟ್ರೇಲಿಯಾ ಕಡೆಯವಕ್ಕೂ ನಡುವೆ ಎಳೆದಂತಿರುವ ವಾಲೇಸ್ ಗೆರೆ ಹಾದು ಹೋಗುವುದು ಇಲ್ಲೇ. ದೋಣಿಯಲ್ಲಿ ಹೋಗುವವರು ಅದನ್ನು ದಾಟಿದ ಖುಷಿಯನ್ನೂ ಪಡೆಯಬಹುದು.

ವಿಮೆ ಮಾಡಿಸುವಾಗ ಬರೀ "ಪ್ರವಾಸ ವಿಮೆ" ಎಂದು ನೋಡಿ ದುಡ್ಡು ಕಟ್ಟಬೇಡಿ. ಅನೇಕ ಪಾಲಿಸಿಗಳಲ್ಲಿ ಚಾರಣಕ್ಕೆ ಎತ್ತರದ ಮಿತಿ ಇರುತ್ತದೆ. 4,000 ಮೀಟರ್‌ವರೆಗೆ ಅನ್ವಯಿಸುತ್ತದೆಯೇ, ಬೆಟ್ಟದಿಂದ ಕೆಳಗೆ ತರುವ ಖರ್ಚು ಕೊಡುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಯಾರ ಜೊತೆ ಹೋಗಬೇಕು

ರಿಂಜಾನಿ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. "ಇ-ರಿಂಜಾನಿ" ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬುಕ್ ಮಾಡಬೇಕು. ಸಾಮಾನ್ಯವಾಗಿ ಚಾರಣ ಕಂಪನಿಯವರೇ ಮಾಡಿಸುತ್ತಾರೆ. ಆರೋಗ್ಯ ಪ್ರಮಾಣಪತ್ರವೂ ಬೇಕು. ನಿಯಮ, ಶುಲ್ಕ ಎರಡೂ ಆಗಾಗ ಬದಲಾಗುತ್ತವೆ, ಹಾಗಾಗಿ ಹೊರಡುವ ಮುಂಚೆ ಉದ್ಯಾನದ ಅಧಿಕೃತ ಪ್ರಕಟಣೆ ನೋಡಿ.

ಕಂಪನಿ ಆರಿಸುವಾಗ ಬೆಲೆ ಕೊನೆಗೆ ಕೇಳಿ. ಮೊದಲು ಇವನ್ನು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಶಿಖರಕ್ಕೆ ಹೋಗುವಾಗ ಒಬ್ಬರು ಹಿಂದೆ ಉಳಿದರೆ ಅವರ ಜೊತೆ ಯಾರು ಇರುತ್ತಾರೆ? ಪೋರ್ಟರ್‌ಗಳಿಗೆ ಎಷ್ಟು ತೂಕ ಹೊರಿಸುತ್ತೀರಿ, ಅವರಿಗೆ ಮಲಗಲು ಟೆಂಟ್, ಚಳಿಗೆ ಬಟ್ಟೆ ಇದೆಯೇ? ಕಸ ಕೆಳಗೆ ತರುತ್ತೀರಾ? ಈ ಪ್ರಶ್ನೆಗಳಿಗೆ ನೇರ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ.

ಎರಡನೇ ಪ್ರಶ್ನೆಯನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. 2025ರ ಜೂನ್‌ನಲ್ಲಿ ಬ್ರೆಜಿಲ್‌ನಿಂದ ಬಂದಿದ್ದ ಯುವತಿಯೊಬ್ಬರು ಶಿಖರದ ದಾರಿಯಲ್ಲಿ ಜಾರಿ ಕುಳಿಯ ಕಡೆಗೆ ಬಿದ್ದು ತೀರಿಕೊಂಡರು. ಮಂಜು, ಕಡಿದಾದ ಸಡಿಲ ಇಳಿಜಾರು. ರಕ್ಷಣಾ ತಂಡ ಅವರನ್ನು ತಲುಪಲು ದಿನಗಳೇ ಹಿಡಿದವು. ಅಲ್ಲಿ ಬಿದ್ದವರನ್ನು ಬೇಗ ಮೇಲೆತ್ತುವುದು ಎಷ್ಟು ಕಷ್ಟ ಎಂಬುದು ಇದರಿಂದ ಗೊತ್ತಾಗುತ್ತದೆ. ಹಿಂದೆ ಬಿದ್ದವರನ್ನು ಒಂಟಿಯಾಗಿ ಬಿಡದ ತಂಡವೇ ನಿಮಗೆ ಬೇಕು. ನೀವೂ ಗೆಳೆಯರನ್ನು ಹಾಗೆ ಬಿಡಬೇಡಿ.

ಪೋರ್ಟರ್‌ಗಳ ಬಗ್ಗೆ ಒಂದು ಮಾತು. ಲೊಂಬೊಕ್‌ನ ಸಾಸಾಕ್ ಜನಾಂಗದ ಈ ಹುಡುಗರು ಬಿದಿರಿನ ಕಾವಡಿ ಹೊರುತ್ತಾರೆ. ಎರಡು ಬದಿಯಲ್ಲಿ ಬುಟ್ಟಿ. ಟೆಂಟು, ಅಕ್ಕಿ, ಮೊಟ್ಟೆ, ನೀರು, ಗ್ಯಾಸ್ ಒಲೆ ಎಲ್ಲ ಅದರಲ್ಲೇ. ಹೆಗಲ ಮೇಲೆ ಬಿದಿರು ಉಜ್ಜಿ ಉಜ್ಜಿ ಚರ್ಮ ದಪ್ಪಗಟ್ಟಿರುತ್ತದೆ. ಒಂದು ಹೆಗಲಿಂದ ಇನ್ನೊಂದಕ್ಕೆ ಕಾವಡಿ ಬದಲಿಸುವಾಗ ಬುಟ್ಟಿ ಅಲುಗದಂತೆ ಕತ್ತು ಬಗ್ಗಿಸಿ ಹಿಂಬದಿಯಿಂದ ಜಾರಿಸುತ್ತಾರೆ. ಎಷ್ಟೋ ಜನರ ಕಾಲಲ್ಲಿ ಹವಾಯಿ ಚಪ್ಪಲಿ. ಅವರು ಬರುವಾಗ ದಾರಿ ಬಿಡಿ, ಬೆಟ್ಟದ ಒಳಬದಿಗೆ ನಿಲ್ಲಿ. ಟಿಪ್ಸ್‌ಗೆ ಮೊದಲೇ ನಗದು ತೆಗೆದಿಟ್ಟುಕೊಳ್ಳಿ, ಅವರ ಕೈಗೇ ಕೊಡಿ.

ಬ್ಯಾಗಿನಲ್ಲಿ ಏನಿರಬೇಕು

ಟೆಂಟ್, ಸ್ಲೀಪಿಂಗ್ ಬ್ಯಾಗ್, ಅಡುಗೆ ಎಲ್ಲ ಕಂಪನಿಯದ್ದು. ನಿಮ್ಮದು ಬಟ್ಟೆ, ಶೂ, ದೀಪ.

ಶೂ ಹಿಮ್ಮಡಿಯ ಗಂಟು ಮುಚ್ಚುವಂಥದ್ದಿರಲಿ, ತಯಾರಿಯ ದಿನಗಳಲ್ಲೇ ಹಾಕಿ ಪಳಗಿಸಿರಿ. ಶೂ ಮೇಲೆ ಕಟ್ಟುವ ಗೇಟರ್ ತೆಗೆದುಕೊಂಡರೆ ಬೂದಿ ಒಳಗೆ ಹೋಗುವುದಿಲ್ಲ. ಗೇಟರ್ ಇಲ್ಲದಿದ್ದರೆ ಹತ್ತು ಹೆಜ್ಜೆಗೊಮ್ಮೆ ಶೂ ಬಿಚ್ಚಿ ಕೊಡವಬೇಕಾಗುತ್ತದೆ. ಒಂದು ಜೊತೆ ಊರುಗೋಲು ಕಡ್ಡಾಯ ಎಂದೇ ತಿಳಿಯಿರಿ. ಬೆಂಗಳೂರಿನಲ್ಲಿ ಇವೆಲ್ಲ ಬಾಡಿಗೆಗೂ ಸಿಗುತ್ತವೆ. ಒಂದು ಚಾರಣಕ್ಕೆಂದು ಎಲ್ಲವನ್ನೂ ಕೊಳ್ಳುವ ಅಗತ್ಯ ಇಲ್ಲ. ಶೂ ಮಾತ್ರ ನಿಮ್ಮದೇ ಇರಲಿ.

ಚಳಿಯನ್ನು ಕಡಿಮೆ ಅಂದಾಜು ಮಾಡಬೇಡಿ. ಉಷ್ಣವಲಯದ ದ್ವೀಪ ಎಂದು ಬರೀ ಟೀ ಶರ್ಟ್ ತರುವವರನ್ನು ನೋಡಿದ್ದೇನೆ. ಬೆಳಗಿನ ಜಾವ ಶಿಖರದ ಬಳಿ ಗಾಳಿ ಬೀಸಿದರೆ ಸೊನ್ನೆ ಡಿಗ್ರಿ ಹತ್ತಿರದ ಚಳಿ. ಒಳಗೆ ಉದ್ದ ತೋಳಿನ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕೈಗವಸು, ಕಿವಿ ಮುಚ್ಚುವ ಟೋಪಿ. ಹತ್ತಿ ಬಟ್ಟೆ ಬೆವರು ಹೀರಿ ತಣ್ಣಗಾಗುತ್ತದೆ, ಬೇಡ. ಮೂಗು ಬಾಯಿ ಮುಚ್ಚಲು ಬಟ್ಟೆ ಇರಲಿ, ಮುಂದಿನವರ ಕಾಲಿನ ಬೂದಿ ನಿಮ್ಮ ಮುಖಕ್ಕೇ ಬರುತ್ತದೆ. ಹೆಡ್‌ಲ್ಯಾಂಪ್, ಬೇರೆ ಬ್ಯಾಟರಿ. ಫೋನು, ಪವರ್ ಬ್ಯಾಂಕ್ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ, ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಸ್ವಲ್ಪ ಎಚ್ಚರ ಸಾಕು. ಅನ್ನ, ತೋಫು, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ತರಕಾರಿ ಎಲ್ಲ ಕಡೆ ಸಿಗುತ್ತದೆ. ಆದರೆ ಚಟ್ನಿಯಂತಿರುವ ಸಂಬಾಲ್‌ನಲ್ಲಿ ಬಹುತೇಕ ಸಲ ತೆರಾಸಿ, ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ ಇರುತ್ತದೆ. "ಸಾಯಾ ತಿಡಾಕ್ ಮಾಕಾನ್ ಡಾಗಿಂಗ್, ಈಕಾನ್, ತೆರಾಸಿ" ಎಂದು ಬುಕಿಂಗ್ ವೇಳೆಯೇ ಬರೆದು ಕಳಿಸಿ. ಮಾಂಸ, ಮೀನು, ತೆರಾಸಿ ತಿನ್ನುವುದಿಲ್ಲ ಎಂದು ಅರ್ಥ. ನಿಮ್ಮ ಕಡೆಯಿಂದ ಕಡ್ಲೆ ಚಿಕ್ಕಿ, ಹುರಿಗಾಳು, ಖರ್ಜೂರ, ಓಆರ್‌ಎಸ್, ಒಂದು ಚಿಕ್ಕ ಡಬ್ಬಿ ಚಟ್ನಿಪುಡಿ. ಎತ್ತರದಲ್ಲಿ ಹಸಿವು ಸತ್ತಾಗ ಸಪ್ಪೆ ಅನ್ನಕ್ಕೆ ಚಟ್ನಿಪುಡಿ ಕಲಸಿದರೆ ನಾಲ್ಕು ತುತ್ತು ಇಳಿಯುತ್ತದೆ. ಅಡುಗೆ ಮಾಡಿಕೊಟ್ಟವರಿಗೂ ರುಚಿ ತೋರಿಸಿ, ಖಾರದ ವಿಷಯದಲ್ಲಿ ಅವರೂ ನಮ್ಮಂಥವರೇ.

ಮೊದಲ ದಿನ: ಸೆಂಬಲೂನ್‌ನಿಂದ ಕುಳಿಯ ಅಂಚಿಗೆ

ಹಿಂದಿನ ರಾತ್ರಿ ಸೆಂಬಲೂನ್‌ನಲ್ಲೇ ತಂಗಿ. ಬೆಟ್ಟದ ನಡುವಿನ ತಂಪಾದ ಹಳ್ಳಿ, ಸುತ್ತ ತರಕಾರಿ ಹೊಲ. ಬಾಲಿಯಿಂದ ಅದೇ ದಿನ ದೋಣಿ ಇಳಿದು ನೇರ ಹತ್ತಲು ಶುರುಮಾಡುವ ಪ್ಯಾಕೇಜ್ ಬೇಡ.

ಬೆಳಗ್ಗೆ ಬೇಗ ಹೊರಡಿ. ಮೊದಲ ಕೆಲವು ಗಂಟೆ ಹುಲ್ಲುಗಾವಲು. ಕುದುರೆಮುಖದ ಕಡೆ ನಡೆದವರಿಗೆ ನೋಟ ಹಿತವಾಗಿರುತ್ತದೆ, ಆದರೆ ನೆರಳೇ ಇಲ್ಲ. ಟೋಪಿ, ಸನ್‌ಸ್ಕ್ರೀನ್ ಇರಲಿ. ಪೋಸ್ 1, ಪೋಸ್ 2, ಪೋಸ್ 3 ಎಂದು ತಂಗುದಾಣಗಳು ಬರುತ್ತವೆ. ಅಲ್ಲಿಯವರೆಗೆ ಏರು ಅಷ್ಟೇನೂ ಇಲ್ಲ. ಹಾಗಾಗಿ ಜನ ಉತ್ಸಾಹದಲ್ಲಿ ಜೋರಾಗಿ ನಡೆದುಬಿಡುತ್ತಾರೆ. ನೀವು ನಿಧಾನಿಸಿ. ಪೋಸ್ 3 ಆದ ಮೇಲೆ ಒಂದರ ಹಿಂದೆ ಒಂದು ಗುಡ್ಡ ಬರುತ್ತದೆ. ಸ್ಥಳೀಯರು ಅವನ್ನು ಪಶ್ಚಾತ್ತಾಪದ ಏಳು ಗುಡ್ಡಗಳು ಅನ್ನುತ್ತಾರೆ. ಇದೇ ಕೊನೆಯದು ಎಂದುಕೊಂಡಾಗಲೆಲ್ಲ ಮುಂದೆ ಇನ್ನೊಂದು ಕಾಣಿಸುತ್ತದೆ. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ ಇಟ್ಟುಕೊಳ್ಳಿ. ಮಾತು ನಿಂತರೆ ವೇಗ ಜಾಸ್ತಿ ಆಯಿತು ಎಂದರ್ಥ.

ಸಂಜೆ ಹೊತ್ತಿಗೆ ಅಂಚು. ಅಲ್ಲಿ ನಿಂತಾಗ ಬೆಟ್ಟದ ಇನ್ನೊಂದು ಮುಖ ಒಮ್ಮೆಲೇ ತೆರೆದುಕೊಳ್ಳುತ್ತದೆ. 600 ಮೀಟರ್ ಕೆಳಗೆ ನೀಲಿ ಹಸಿರು ಕೆರೆ, ಅದರ ಪಕ್ಕದಲ್ಲಿ ಕಪ್ಪು ಲಾವಾ ಹರಡಿಕೊಂಡು ಬರುಜಾರಿ, ಸುತ್ತ ಕಿಲೋಮೀಟರ್‌ಗಟ್ಟಲೆ ಕುಳಿಯ ಗೋಡೆ. ಮೋಡ ಅಂಚಿನ ಮೇಲಿಂದ ಕೆರೆಗೆ ಇಳಿದು ಕರಗುತ್ತದೆ. ಇಷ್ಟನ್ನು ನೋಡಿ ಮರುದಿನ ಇಳಿದರೂ ರಿಂಜಾನಿ ನೋಡಿದಂತೆಯೇ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ಶಿಖರದಿಂದ ಕಾಣುವ ನೋಟಕ್ಕಿಂತ ಈ ಸಂಜೆಯೇ ನನಗೆ ಹೆಚ್ಚು.

ಕೋತಿಗಳಿವೆ. ಟೆಂಟಿನ ಜಿಪ್ ಪೂರ್ತಿ ಹಾಕಿ, ತಿಂಡಿ ಹೊರಗೆ ಇಡಬೇಡಿ. ಬಿಳಿ ಹೂವಿನ ಎಡೆಲ್‌ವೈಸ್ ಗಿಡಗಳನ್ನು ಕೀಳಬೇಡಿ. ರಾತ್ರಿ ಏಳೂವರೆಗೆಲ್ಲ ಮಲಗಿ. ನಿದ್ದೆ ಬರದಿದ್ದರೂ ಕಾಲು ಚಾಚಿ ಮಲಗಿರಿ, ಅದೂ ವಿಶ್ರಾಂತಿಯೇ.

ಶಿಖರದ ರಾತ್ರಿ

ಮಲಗುವ ಮುಂಚೆಯೇ ಗೈಡ್ ಜೊತೆ ಕೂತು ಎರಡು ವಿಷಯ ತೀರ್ಮಾನ ಮಾಡಿ. ಒಂದು, ವಾಪಸ್ ತಿರುಗುವ ಸಮಯ. ಎಲ್ಲಿಗೆ ಮುಟ್ಟಿದ್ದರೂ ಸರಿ, ಉದಾಹರಣೆಗೆ ಏಳು ಗಂಟೆಗೆ ತಿರುಗುವುದು. ಎರಡು, ಗಾಳಿ ಜೋರಾಗಿದ್ದರೆ ಅಥವಾ ಮಂಜು ದಟ್ಟವಾಗಿದ್ದರೆ ಹೊರಡುವುದೇ ಇಲ್ಲ. ಮೇಲೆ ಹೋದ ಮೇಲೆ ದಣಿದ ತಲೆಗೆ ಇಂಥ ತೀರ್ಮಾನ ಆಗುವುದಿಲ್ಲ.

ಎರಡು ಗಂಟೆ ಸುಮಾರಿಗೆ ಹೊರಟರೆ ಮೊದಲ ಭಾಗ ಕಡಿದು, ಮಣ್ಣು ಬೂದಿ ಮಿಶ್ರಿತ ಏರು. ಆಮೇಲೆ ಏಣಿನ ಮೇಲೆ ಸ್ವಲ್ಪ ಸಲೀಸು. ಇಲ್ಲಿ ಎರಡು ಕಡೆಯೂ ಇಳಿಜಾರು, ದಾರಿಯ ನಡುವೆಯೇ ನಡೆಯಿರಿ, ಫೋಟೊಗೆ ಅಂಚಿಗೆ ಹೋಗಬೇಡಿ. ಮೂರನೇ ಭಾಗವೇ ಎಲ್ಲರೂ ನೆನಪಿಟ್ಟುಕೊಳ್ಳುವುದು. ಹುರುಳಿ ಕಾಳಿನಿಂದ ಮುಷ್ಟಿ ಗಾತ್ರದವರೆಗಿನ ಹಗುರ ಕಲ್ಲು, ಬೂದಿ. ಕಾಲಿಟ್ಟ ಕೂಡಲೇ ಪಾದ ಕಣಕಾಲವರೆಗೆ ಹೂತು, ಕೆಳಗಿನ ಕಲ್ಲುಗಳು ಸದ್ದು ಮಾಡುತ್ತಾ ಜಾರುತ್ತವೆ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ವಾಪಸ್. ತಲಕಾಡಿನ ನಡಿಗೆ ನೆನಪಿಸಿಕೊಳ್ಳಿ: ಪೂರ್ತಿ ಪಾದ, ಚಿಕ್ಕ ಹೆಜ್ಜೆ. ಮುಂದಿನವರು ಒತ್ತಿ ಮಾಡಿದ ಗುರುತಿನಲ್ಲೇ ಕಾಲಿಡಿ. ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ಹತ್ತಿ. ಊರುಗೋಲನ್ನು ಆಳಕ್ಕೆ ಚುಚ್ಚಿ, ಅದು ನಿಂತ ಮೇಲೆ ಭಾರ ಹಾಕಿ. ಇಪ್ಪತ್ತು ಹೆಜ್ಜೆ, ನಾಲ್ಕು ಉಸಿರು, ಮತ್ತೆ ಇಪ್ಪತ್ತು ಹೆಜ್ಜೆ. ಜಾಸ್ತಿ ಹೊತ್ತು ಕೂತರೆ ಬೆವರು ತಣ್ಣಗಾಗಿ ನಡುಕ ಬರುತ್ತದೆ, ನಿಂತೇ ಸುಧಾರಿಸಿಕೊಳ್ಳಿ.

ತಲೆನೋವು ಏರುತ್ತಲೇ ಇದ್ದರೆ, ವಾಂತಿಯಾದರೆ, ನಡೆಯುವಾಗ ವಾಲಾಡುವಂತಾದರೆ ಅಲ್ಲಿಂದಲೇ ಇಳಿಯಿರಿ. ಎತ್ತರದ ಕಾಯಿಲೆಗೆ ಇಳಿಯುವುದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಸೂರ್ಯೋದಯ ಆರು ಗಂಟೆ ಆಸುಪಾಸು. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಬಾಲಿಯ ಅಗುಂಗ್ ಬೆಟ್ಟ, ಪೂರ್ವಕ್ಕೆ ಸುಂಬಾವಾ ದ್ವೀಪದ ತಂಬೋರಾ ಕಾಣುತ್ತವೆ. 1815ರಲ್ಲಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಇಲ್ಲದಂತೆ ಮಾಡಿದ್ದು ಅದೇ ತಂಬೋರಾ.

ಇಳಿಯುವುದು, ಕೆರೆಗೆ ಹೋಗುವುದು

ಸಡಿಲ ಬೂದಿಯಲ್ಲಿ ಇಳಿಯುವಾಗ ಹಿಮ್ಮಡಿ ಒತ್ತಿ, ಮಂಡಿ ಸ್ವಲ್ಪ ಬಗ್ಗಿಸಿ, ಮೈ ಹಿಂದಕ್ಕೆ ವಾಲಿಸದೆ ಇಳಿಯಿರಿ. ಓಡುವ ಆಸೆ ಬರುತ್ತದೆ, ಓಡಬೇಡಿ. ಕಲ್ಲು ಉರುಳಿದರೆ ಕೂಗಿ ಹೇಳಿ, ಕೆಳಗೆ ಜನ ಇರುತ್ತಾರೆ.

ಎರಡು ದಿನದ ಚಾರಣದವರು ಅಲ್ಲಿಂದ ಸೆಂಬಲೂನ್‌ಗೇ ಇಳಿಯುತ್ತಾರೆ. ಮೂರು ದಿನದವರು ಕೆರೆಗೆ ಇಳಿದು, ಸೆನಾರು ಅಥವಾ ತೊರೆಯಾನ್ ಹಳ್ಳಿಯ ಕಡೆ ಹೊರಬೀಳುತ್ತಾರೆ. ರಜೆ ಇದ್ದರೆ ಮೂರು ದಿನವೇ ಮಾಡಿ. ಕೆರೆಯ ಪಕ್ಕದ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟರೆ ಹಿಂದಿನ ರಾತ್ರಿಯ ನೋವು ಅರ್ಧ ಇಳಿಯುತ್ತದೆ. ಸಾಸಾಕ್ ಮುಸ್ಲಿಮರಿಗೂ ಬಾಲಿಯ ಹಿಂದೂಗಳಿಗೂ ಈ ಕೆರೆ ಪವಿತ್ರ. ಇಲ್ಲಿಗೆ ಬಂದು ಕಾಣಿಕೆ ಅರ್ಪಿಸುತ್ತಾರೆ. ಮೈ ತುಂಬ ಬಟ್ಟೆ ಹಾಕಿಕೊಂಡೇ ನೀರಿಗಿಳಿಯಿರಿ, ಸೋಪು ಶಾಂಪೂ ಬೇಡ.

ಕುಳಿಯ ಗೋಡೆಯಿಂದ ಕೆರೆಗೆ ಇಳಿಯುವ ದಾರಿ ಕಡಿದು. 2018ರ ಜುಲೈನಲ್ಲಿ ಆದ 6.4 ತೀವ್ರತೆಯ ಭೂಕಂಪದಲ್ಲಿ ಗುಡ್ಡ ಕುಸಿದು ಐನೂರಕ್ಕೂ ಹೆಚ್ಚು ಚಾರಣಿಗರು ಬೆಟ್ಟದಲ್ಲಿ ಸಿಕ್ಕಿಕೊಂಡಿದ್ದರು. ಕುಸಿದ ಗುರುತು ಇರುವ ಕಡೆ ಗೈಡ್ "ಬೇಗ ದಾಟಿ" ಅಂದರೆ ಬೇಗ ದಾಟಿ, ಅಲ್ಲಿ ನಿಂತು ನೀರು ಕುಡಿಯಬೇಡಿ. ಸೆನಾರು ಕಡೆ ಇಳಿದರೆ ಕೊನೆಯ ಹಲವು ಗಂಟೆ ದಟ್ಟ ಕಾಡು, ಬೇರುಗಳ ಮೇಲೆ ಕಾಲು ಜಾರುತ್ತದೆ.

ಚಾರಣಿಗರು ಬಿಟ್ಟ ಪ್ಲಾಸ್ಟಿಕ್ ಈ ಬೆಟ್ಟದ ದೊಡ್ಡ ನೋವು. ಒಂದು ಖಾಲಿ ಚೀಲ ನಿಮ್ಮ ಬ್ಯಾಗಿನಲ್ಲಿರಲಿ. ಚಿಕ್ಕಿ ಕವರ್, ಒದ್ದೆ ಟಿಶ್ಯೂ, ಪ್ಯಾಡ್ ಎಲ್ಲ ಅದರಲ್ಲೇ ಕೆಳಗೆ ಬರಲಿ.

ಇಷ್ಟು ಬೇಡ ಅನ್ನುವವರಿಗೆ

ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ ಅಥವಾ ತಯಾರಿಗೆ ಸಮಯ ಸಿಗದಿದ್ದರೆ ಬಾಲಿಯ ಬಾತೂರ್ ಬೆಟ್ಟ ಇದೆ. ಅದೂ ಜೀವಂತ ಜ್ವಾಲಾಮುಖಿಯೇ. ಎತ್ತರ 1,717 ಮೀಟರ್, ನಮ್ಮ ಕುಮಾರ ಪರ್ವತಕ್ಕಿಂತ ಬರೀ 5 ಮೀಟರ್ ಜಾಸ್ತಿ. ಶುರುವಾಗುವುದೇ ಸಾವಿರ ಮೀಟರ್ ಮೇಲಿಂದ, ಹಾಗಾಗಿ ಎರಡು ಗಂಟೆ ಆಸುಪಾಸಿನಲ್ಲಿ ಮೇಲಿರುತ್ತೀರಿ. ಬಂಡೆಯ ಬಿರುಕಿನಿಂದ ಬಿಸಿ ಹಬೆ ಬರುವುದನ್ನು ಹತ್ತಿರದಿಂದ ನೋಡಬಹುದು. ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕೊಡುತ್ತಾರೆ.

ರಿಂಜಾನಿಗೇ ಹೋಗುವುದಾದರೆ, ಬೆಟ್ಟ ಇಳಿದ ದಿನಕ್ಕೂ ಬೆಂಗಳೂರಿನ ವಿಮಾನಕ್ಕೂ ನಡುವೆ ಕನಿಷ್ಠ ಒಂದು ದಿನ ಖಾಲಿ ಬಿಡಿ. ಅಲೆ ಜೋರಾಗಿ ದೋಣಿ ರದ್ದಾಗುವುದು, ಬೂದಿಯಿಂದ ವಿಮಾನ ತಡವಾಗುವುದು ಅಲ್ಲಿ ಅಪರೂಪವಲ್ಲ. ಏನೂ ಆಗದಿದ್ದರೆ ಆ ದಿನ ಶೂಗಳನ್ನು ಚೆನ್ನಾಗಿ ತೊಳೆದು ಒಣಗಿಸಿ. ಹೊಲಿಗೆಯ ಸಂದಿಗಳಲ್ಲಿ ಕೂತ ಬೂದಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಅದು ಅಂಟನ್ನೂ ದಾರವನ್ನೂ ತಿಂದುಹಾಕುತ್ತದೆ.